ದೆಹಲಿಯಲ್ಲಿ ನಿಮ್ಮ ಪಕ್ಷ ಸೋತ ದಿನ ನೀವು ಏನು ಮಾಡಿದಿರಿ?

ಹಳೇ ಮತದಾರ, ಹುಬ್ಬಳ್ಳಿ

ಚುನಾವಣೆಯ ಹೆಸರಿನಲ್ಲಿ ಇಲ್ಲಿ ಆಗಬೇಕಾದಷ್ಟು ಜಗಳ ಆಗಿದೆ, ಇನ್ನೊಂದು ಬೇಡ. ಯಾರು ಸರಿ, ಯಾರು ತಪ್ಪು ಎಂದು ಬರೆಯಬೇಡಿ. ನಿಮ್ಮವರು ಸೋತರು ಎಂದು ಖಾತ್ರಿಯಾದ ಮೇಲೆ ನೀವು, ನಿಮ್ಮ ಮನೆಯವರು ಏನು ಮಾಡಿದಿರಿ? ಅಷ್ಟನ್ನೇ ಬರೆಯಿರಿ.

ನಾನೇ ಶುರು ಮಾಡುತ್ತೇನೆ. 2004ರ ಮೇ 13. ನಮ್ಮ ಅಪ್ಪ ಬಿಜೆಪಿಗೆ ಮೂಲವಾದ ಜನಸಂಘದ ದೀಪದ ಗುರುತಿನ ಕಾಲದವರು. ಅಂದು ಬೆಳಿಗ್ಗೆ ಏಳಕ್ಕೇ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ ಟಿವಿ ಮುಂದೆ ಕುಳಿತರು. ಹಿಂದಿನ ದಿನವೇ ಧಾರವಾಡದಿಂದ ಒಂದು ಕಿಲೋ ಪೇಡಾ ತರಿಸಿಟ್ಟಿದ್ದರು. ಆ ಸಲದ ವಿಚಿತ್ರವೆಂದರೆ ಕರ್ನಾಟಕದಲ್ಲಿ ಅವರ ಪಕ್ಷ ಗೆದ್ದಿತ್ತು. ಲೋಕಸಭೆಯ 28ರಲ್ಲಿ 18 ಸ್ಥಾನ. ವಿಧಾನಸಭೆಯಲ್ಲಿ 79 ಗೆದ್ದು ಮೊದಲ ಬಾರಿಗೆ ಅತಿ ದೊಡ್ಡ ಪಕ್ಷ. ಆದರೆ ದೆಹಲಿ ಕೈತಪ್ಪಿತು. ಕಾಂಗ್ರೆಸ್ 145, ಬಿಜೆಪಿ 138. ಭಾರತ ಪ್ರಕಾಶಿಸುತ್ತಿದೆ ಎಂಬ ಜಾಹೀರಾತನ್ನು ತಿಂಗಳುಗಟ್ಟಲೆ ನೋಡಿದ್ದ ಅಪ್ಪನಿಗೆ ಇದು ಊಹೆಗೂ ಮೀರಿದ್ದು. ಅಟಲ್‌ಜಿ ರಾಜೀನಾಮೆ ಕೊಡಲು ರಾಷ್ಟ್ರಪತಿ ಭವನಕ್ಕೆ ಹೋದ ಸುದ್ದಿ ಬಂದಾಗ ಎದ್ದವರು ಟಿವಿಯನ್ನಲ್ಲ, ಗೋಡೆಯ ಮೇಲಿನ ಸ್ವಿಚ್ಚನ್ನೇ ಆರಿಸಿ ಮಲಗಲು ಹೋದರು. ಅದೇ ಸ್ವಿಚ್ಚಿನಲ್ಲಿ ಫ್ರಿಜ್ ಕೂಡ ಇತ್ತು. ಬೆಳಿಗ್ಗೆ ಹಾಲು ಒಡೆದಾಗ ಅಮ್ಮ ವಾಜಪೇಯಿಯವರನ್ನೂ ಸೋನಿಯಾ ಅವರನ್ನೂ ಒಟ್ಟಿಗೇ ಬೈದರು.

ಪೇಡಾದ ಡಬ್ಬಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಷೇರು ಕಳೆದುಕೊಂಡವ, ಬೆಂಗಳೂರು

ನಿಮ್ಮದು ಬರೀ ಹಾಲು. ನನ್ನದು ಅದೇ ಸೋಲಿನ ನಾಲ್ಕನೇ ದಿನದ ಕಥೆ. 2004ರ ಮೇ 17, ಸೋಮವಾರ. ಎಡಪಕ್ಷಗಳ ಬೆಂಬಲದ ಸರ್ಕಾರ ಬರುತ್ತದೆ, ದೇಶ ಮುಳುಗಿತು ಎಂದು ಶನಿವಾರ, ಭಾನುವಾರ ಎರಡೂ ದಿನ ಸಿಕ್ಕವರಿಗೆಲ್ಲ ಉಪದೇಶ ಮಾಡಿದ್ದೆ. ನನ್ನ ಮಾತನ್ನು ನಾನೇ ನಂಬಿಬಿಟ್ಟೆ. ಸೋಮವಾರ ಸೆನ್ಸೆಕ್ಸ್ ಒಂದು ಹಂತದಲ್ಲಿ 842 ಅಂಶ ಕುಸಿದು ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮತ್ತೆ ತೆರೆದ ತಕ್ಷಣ ಇದ್ದಬದ್ದದ್ದನ್ನೆಲ್ಲ ಮಾರಿದೆ. ದಲ್ಲಾಳಿ ಕಚೇರಿಯ ಹುಡುಗ ಫೋನಿನಲ್ಲಿ ಎರಡು ಸಲ ಕೇಳಿದ, "ಸರ್, ಎಲ್ಲವನ್ನೂ?" ಎಲ್ಲವನ್ನೂ ಎಂದೆ. ವರ್ಷ ಮುಗಿಯುವ ಹೊತ್ತಿಗೆ ಸೂಚ್ಯಂಕ ಆರು ಸಾವಿರ ದಾಟಿತ್ತು. ನಮ್ಮ ಪಕ್ಷ ಕಳೆದುಕೊಂಡದ್ದು ಅಧಿಕಾರ. ನಾನು ಕಳೆದುಕೊಂಡದ್ದು ಯಲಹಂಕದ ಕಡೆ ಒಂದು ನಿವೇಶನ. ಇವತ್ತಿಗೂ ಆ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಆಚೆ ನೋಡುವುದಿಲ್ಲ.

ತೋಟದ ಮಗಳು, ಚಿಕ್ಕಮಗಳೂರು

ಹಳೇ ಮತದಾರರೇ, ನಿಮ್ಮ ತಂದೆಯವರಿಗೆ ಆದದ್ದೇ ನಮ್ಮ ಅಜ್ಜನಿಗೆ 1977ರಲ್ಲಿ ಆಗಿತ್ತು, ಪಕ್ಷ ಮಾತ್ರ ಬೇರೆ. ಅಜ್ಜ ಪಕ್ಕಾ ಕಾಂಗ್ರೆಸ್. ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ ಪಾಲಾಗಿತ್ತು. ನಮ್ಮೂರಿನಲ್ಲಿ ಎಲ್ಲರೂ ಗೆದ್ದವರೇ. ಆದರೆ ರೇಡಿಯೋದಲ್ಲಿ ಉತ್ತರದ ಸುದ್ದಿ ಬರತೊಡಗಿದಾಗ ಅಜ್ಜ ಮೊದಲು ಮಾಡಿದ ಕೆಲಸ ರೇಡಿಯೋದ ಬ್ಯಾಟರಿ ಬದಲಾಯಿಸಿದ್ದು! ಸರಿಯಾಗಿ ಕೇಳಿಸುತ್ತಿಲ್ಲ ಎಂದರಂತೆ. ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್ಸಿಗೆ ಸೊನ್ನೆ, ಬಿಹಾರದ 54ರಲ್ಲೂ ಸೊನ್ನೆ. ಹೊಸ ಬ್ಯಾಟರಿಯೂ ಅದನ್ನೇ ಹೇಳಿತು. ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ರಾಜ್ ನಾರಾಯಣ್ ಎದುರು ಲಕ್ಷ ಮತಗಳಿಂದ ಸೋತರು ಎಂದಾಗ ತೋಟದ ಕೆಲಸಕ್ಕೆ ರಜೆ ಕೊಟ್ಟು, ತಾವೊಬ್ಬರೇ ಹೋಗಿ ಸಂಜೆಯವರೆಗೆ ಮೆಣಸಿನ ಬಳ್ಳಿ ಕಟ್ಟುತ್ತಿದ್ದರಂತೆ. ಇದೆಲ್ಲ ಅಜ್ಜಿ ಹೇಳಿದ್ದು.

ಮರುವರ್ಷದ ಕಥೆ ಎಲ್ಲರಿಗೂ ಗೊತ್ತು. ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ನಮ್ಮ ಕ್ಷೇತ್ರಕ್ಕೆ ಇಂದಿರಾ ಬಂದರು. ನವೆಂಬರ್ ಮಳೆ, ಕೆಸರು, ದೆಹಲಿಯ ಪತ್ರಕರ್ತರಿಂದ ತುಂಬಿಹೋದ ಲಾಡ್ಜುಗಳು, ಒಂದು ಹೆಣ್ಣು ಸಿಂಹ ನೂರು ಮಂಗ ಎಂಬ ಹಿಂದಿ ಘೋಷಣೆ. ವೀರೇಂದ್ರ ಪಾಟೀಲರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು. ಅಜ್ಜ ಆ ರಾತ್ರಿ ತೋಟದ ಕೆಲಸದವರ ಇಡೀ ಲೈನ್ ಮನೆಗಳಿಗೆ ಊಟ ಹಾಕಿಸಿದರಂತೆ. ಸೋತಾಗ ಒಬ್ಬರೇ, ಗೆದ್ದಾಗ ಊರೆಲ್ಲ.

ಹಳೇ ಪತ್ರಿಕೆ ಕಟ್ಟು, ಮೈಸೂರು

ಒಂದು ತಿದ್ದುಪಡಿ. 1977ರಲ್ಲಿ ರಾಯ್‌ಬರೇಲಿಯ ಅಂತರ 55,202. ಲಕ್ಷ ದಾಟಿದ್ದು 1971ರಲ್ಲಿ, ಅದೂ ಉಲ್ಟಾ: ಆಗ ಇಂದಿರಾ ಗೆದ್ದು ರಾಜ್ ನಾರಾಯಣ್ ಸೋತಿದ್ದರು. ಆ ಮನುಷ್ಯ ಸೋತ ಮೇಲೆ ಏನು ಮಾಡಿದರು ಎಂಬುದು ಈ ಚರ್ಚೆಗೆ ನೇರವಾಗಿ ಸೇರುತ್ತದೆ. ಕಲ್ಲು ತೂರಲಿಲ್ಲ, ಅರ್ಜಿ ಹಾಕಿದರು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು ಎಂಬ ಕಾನೂನು ಇದೆಯಲ್ಲ, ಅದನ್ನು ಹಿಡಿದು ನಾಲ್ಕು ವರ್ಷ ಕುಳಿತರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಇಂದಿರಾ ಅವರ ಆಯ್ಕೆಯನ್ನೇ ರದ್ದು ಮಾಡಿದರು. ಎರಡು ವಾರ ಕಳೆಯುವ ಮೊದಲೇ ತುರ್ತು ಪರಿಸ್ಥಿತಿ. ಅಂದರೆ ಸೋತವನು ನ್ಯಾಯಾಲಯಕ್ಕೆ ಹೋದ, ಸೋಲಬಹುದು ಎನ್ನಿಸಿದವರು ದೇಶಕ್ಕೇ ಬೀಗ ಹಾಕಿದರು. ಆದರೆ ಅದೇ ಇಂದಿರಾ 1977ರಲ್ಲಿ ಎಣಿಕೆ ಮುಗಿದ ಮೇಲೆ ಜಾಗ ಬಿಟ್ಟು ಎದ್ದರು ಎಂಬುದನ್ನೂ ಬರೆದುಕೊಳ್ಳಬೇಕು. ಸೇನೆ ಇತ್ತು, ಪೊಲೀಸರು ಇದ್ದರು, ತುರ್ತು ಪರಿಸ್ಥಿತಿ ಕಾಗದದ ಮೇಲೆ ಇನ್ನೂ ಜಾರಿಯಲ್ಲಿತ್ತು. ಅದನ್ನು ಮಾರ್ಚ್ 21ರಂದು ತೆಗೆದರು, ರಾಜೀನಾಮೆ ಕೊಟ್ಟು ಹೋದರು.

ನಿರ್ವಾಹಕ

ಇಲ್ಲಿದ್ದ ಒಂದು ಪ್ರತಿಕ್ರಿಯೆಯನ್ನು ತೆಗೆದಿದ್ದೇನೆ. ಎರಡೂ ಪಕ್ಷದವರ ವಂಶವೃಕ್ಷ ಇಲ್ಲಿ ಬೇಡ. ಮೂಲ ಪ್ರಶ್ನೆಗೆ ಬನ್ನಿ.

ಸಂಶಯ ಪಿಶಾಚಿ, ದಾವಣಗೆರೆ

ನಾನು ಏನು ಮಾಡಿದೆ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ: ನಂಬಲಿಲ್ಲ. 2019ರಲ್ಲಿ ನಮ್ಮ ರಾಜ್ಯದ 28ರಲ್ಲಿ ಕಾಂಗ್ರೆಸ್ಸಿಗೆ ಒಂದು, ಜನತಾ ದಳಕ್ಕೆ ಒಂದು. ಒಂದೇ ವರ್ಷದ ಹಿಂದೆ ಅವೆರಡೂ ಸೇರಿ ಸರ್ಕಾರ ಮಾಡಿದ್ದವು. ಕಲಬುರಗಿಯಲ್ಲಿ ಖರ್ಗೆ ಸೋತರು, ತುಮಕೂರಿನಲ್ಲಿ ದೇವೇಗೌಡರು ಸೋತರು, ಚಿಕ್ಕಬಳ್ಳಾಪುರದಲ್ಲಿ ಮೊಯಿಲಿ ಸೋತರು. ಮೂರೂ ಒಂದೇ ದಿನ! ನಮ್ಮ ಬೀದಿಯಲ್ಲಿ ನಾನು ಕೇಳಿದವರೆಲ್ಲ ಮೈತ್ರಿಗೇ ಹಾಕಿದ್ದೇವೆ ಎಂದಿದ್ದರು. ಹಾಗಾದರೆ ಆ ಮತಗಳು ಎಲ್ಲಿ ಹೋದವು? ಯಂತ್ರವನ್ನು ಕೇಳಬೇಕು. ಮೂರು ದಿನ ಅದರ ಬಗ್ಗೆ ಬಂದ ಎಲ್ಲ ವಿಡಿಯೋ ನೋಡಿದೆ, ಎಲ್ಲರಿಗೂ ಕಳಿಸಿದೆ. ಮನೆಯವರ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ತೆಗೆದದ್ದು ನನ್ನ ಸ್ವಂತ ಚಿಕ್ಕಪ್ಪ.

ಹಳೇ ಪತ್ರಿಕೆ ಕಟ್ಟು, ಮೈಸೂರು

ಪಿಶಾಚಿಯವರೇ, ನಿಮ್ಮ ಸಂಶಯಕ್ಕೆ ದೊಡ್ಡ ಪರಂಪರೆಯೇ ಇದೆ, ಬೇಸರ ಮಾಡಿಕೊಳ್ಳಬೇಡಿ. 1971ರಲ್ಲಿ ಯಂತ್ರ ಇರಲಿಲ್ಲ, ಕಾಗದದ ಮತಪತ್ರ. ಜನಸಂಘದ ದೊಡ್ಡ ನಾಯಕ ಬಲರಾಜ್ ಮಧೋಕ್ ದಕ್ಷಿಣ ದೆಹಲಿಯಲ್ಲಿ ಸೋತರು. ಅವರ ಆರೋಪ ಏನು ಗೊತ್ತೇ? ಮತಪತ್ರಗಳಿಗೆ ಮೊದಲೇ ರಾಸಾಯನಿಕ ಹಚ್ಚಲಾಗಿದೆ. ಮತದಾರ ಒತ್ತಿದ ಮುದ್ರೆ ತಾನಾಗಿ ಮಾಯವಾಗುತ್ತದೆ, ಕಾಂಗ್ರೆಸ್ಸಿನ ಗುರುತಿನ ಎದುರು ಬೇರೊಂದು ಮುದ್ರೆ ತಾನಾಗಿ ಮೂಡುತ್ತದೆ. ಇದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟು ನಗಲಿಲ್ಲ, ಒಂದಿಷ್ಟು ಮತಪತ್ರಗಳ ಪರಿಶೀಲನೆಗೆ ಅನುಮತಿ ಕೊಟ್ಟಿತು. ಮಾಯಾಶಾಯಿ ಸಿಗಲಿಲ್ಲ.

2009ರಲ್ಲಿ ಸೋತಾಗ ಮತ್ತೆ ಮತಪತ್ರಕ್ಕೆ ಹೋಗೋಣ ಎಂದವರು ಅಡ್ವಾಣಿ. ಈಗ ಅದನ್ನೇ ಹೇಳುತ್ತಿರುವವರು ಆಗ ನಕ್ಕಿದ್ದರು. ಆಗ ಹೇಳಿದವರು ಈಗ ನಗುತ್ತಿದ್ದಾರೆ. ಯಂತ್ರದ ಮೇಲಿನ ಅನುಮಾನ ಸೋತವರ ಮನೆಯ ಬಾಡಿಗೆದಾರ. ಸರ್ಕಾರ ಬದಲಾದಾಗ ಸಾಮಾನು ಕಟ್ಟಿಕೊಂಡು ಎದುರು ಮನೆಗೆ ಹೋಗುತ್ತದೆ.

ಸಂಶಯ ಪಿಶಾಚಿ, ದಾವಣಗೆರೆ

ಚೆನ್ನಾಗಿ ಬರೆಯುತ್ತೀರಿ. ಆದರೆ ಎಲ್ಲರೂ ಅನುಮಾನಪಟ್ಟಿದ್ದರು ಎಂದ ಮಾತ್ರಕ್ಕೆ ಅನುಮಾನ ಸುಳ್ಳಾಗುವುದಿಲ್ಲ. ಪ್ರಶ್ನೆ ಕೇಳುವುದೇ ತಪ್ಪೇ?

ಹದಿನಾಲ್ಕನೇ ಮೇಜು, ಹಾಸನ

ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಕೇಳಬೇಕಾದ ಜಾಗದಲ್ಲಿ ನಾವು ಕೇಳಿದೆವೇ ಎಂಬುದು ನನ್ನ ತಕರಾರು. ನಾನು ಪಿಶಾಚಿಯವರ ಕಡೆಯವನೇ, 2019ರಲ್ಲಿ ಎಣಿಕೆ ಏಜೆಂಟನಾಗಿದ್ದೆ. ಪಕ್ಷದ ಹೆಸರು, ಕ್ಷೇತ್ರದ ಹೆಸರು ಹೇಳುವುದಿಲ್ಲ.

ಒಳಗೆ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮೊಬೈಲನ್ನು ಹೊರಗೇ ಕೊಟ್ಟು ಹೋಗಬೇಕು. ಒಳಗೆ ಒಂದು ವಿಧಾನಸಭಾ ಭಾಗಕ್ಕೆ ಸಾಮಾನ್ಯವಾಗಿ ಹದಿನಾಲ್ಕು ಮೇಜು. ಮೇಜಿಗೂ ನಮಗೂ ನಡುವೆ ಕೋಳಿಗೂಡಿನಂಥ ತಂತಿ ಬಲೆ. ಈ ಕಡೆ ಬೆಂಚಿನ ಮೇಲೆ ಎಲ್ಲ ಪಕ್ಷದ ಏಜೆಂಟರು ಮೊಣಕೈ ತಾಗಿಸಿಕೊಂಡು ಕುಳಿತಿರುತ್ತೇವೆ. ಪ್ರತಿ ಸುತ್ತಿಗೂ ಮೇಜಿಗೊಂದು ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಮತಗಳ ಲೆಕ್ಕ ಇರುವ ಭಾಗ, ಬರುತ್ತದೆ. ಅದರ ಕ್ರಮಸಂಖ್ಯೆ, ಮೊಹರು, ಒಟ್ಟು ಮತ, ಈ ಮೂರನ್ನು ಮತಗಟ್ಟೆಯಲ್ಲಿ ಬರೆದ ಹದಿನೇಳು-ಸಿ ನಮೂನೆಯ ಜೊತೆ ತಾಳೆ ನೋಡಬೇಕು. ಆ ನಮೂನೆಯ ಪ್ರತಿಯನ್ನು ಮತದಾನದ ಸಂಜೆಯೇ ಪ್ರತಿ ಮತಗಟ್ಟೆಯ ಏಜೆಂಟರಿಗೂ ಕೊಡುತ್ತಾರೆ. ಅದೇ ನಮ್ಮ ಆಯುಧ. ಆಮೇಲೆ ಗುಂಡಿ ಒತ್ತುತ್ತಾರೆ, ಬೀಪ್ ಎನ್ನುತ್ತದೆ, ಒಂದೊಂದೇ ಅಭ್ಯರ್ಥಿಯ ಅಂಕಿ ಬರುತ್ತದೆ. ನಾವು ಬರೆದುಕೊಳ್ಳುತ್ತೇವೆ.

ನನ್ನ ಫೈಲಿನಲ್ಲಿ ಆ ಪ್ರತಿಗಳು ಇರಬೇಕಾದದ್ದು ಇನ್ನೂರಕ್ಕೂ ಹೆಚ್ಚು. ಇದ್ದದ್ದು ಅರವತ್ತು ಚಿಲ್ಲರೆ. ಉಳಿದ ಕಡೆ ನಮ್ಮ ಮತಗಟ್ಟೆ ಏಜೆಂಟರು ಸಂಜೆ ಐದಕ್ಕೇ ಮನೆಗೆ ಹೋಗಿದ್ದರು, ಕಾಗದ ತೆಗೆದುಕೊಂಡೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಎದುರು ಪಕ್ಷದ ಹುಡುಗ ಮಾತ್ರ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ, ದಾರ ಹಾಕಿ ಕಟ್ಟಿಕೊಂಡು ಬಂದಿದ್ದ. ನನಗೆ ತಾಳೆ ನೋಡಲು ಅವನೇ ತನ್ನ ಪ್ರತಿ ತೋರಿಸುತ್ತಿದ್ದ!

ನಾಲ್ಕನೇ ಸುತ್ತಿಗೆ ನಾವು ಸೋಲುತ್ತಿದ್ದೇವೆ ಎಂದು ಗೊತ್ತಾಯಿತು. ಆರನೆಯದಕ್ಕೆ ನಮ್ಮವರು ಒಬ್ಬೊಬ್ಬರೇ ಸಿಗರೇಟಿಗೆ, ಮೂತ್ರಕ್ಕೆ ಎಂದು ಎದ್ದರು. ಎಂಟನೇ ಸುತ್ತಿನ ಹೊತ್ತಿಗೆ ಹದಿನಾಲ್ಕು ಮೇಜಿನ ಪೈಕಿ ಹನ್ನೊಂದರ ಮುಂದೆ ನಮ್ಮ ಪಕ್ಷದ ಜಾಗ ಖಾಲಿ. ಹೊರಗೆ ಹೋದವರು ಗೇಟಿನ ಬಳಿ ಮೈಕು ಹಿಡಿದವರ ಮುಂದೆ ನಿಂತು ಯಂತ್ರದಲ್ಲಿ ಮೋಸ ಆಗಿದೆ ಎನ್ನುತ್ತಿದ್ದರು. ಯಂತ್ರ ಒಳಗಿತ್ತು, ಇವರು ಹೊರಗಿದ್ದರು.

ಕೊನೆಗೆ ವಿವಿಪ್ಯಾಟ್ ಚೀಟಿಗಳ, ಅಂದರೆ ಮತ ಯಾರಿಗೆ ಬಿತ್ತು ಎಂದು ಯಂತ್ರದ ಪಕ್ಕದಲ್ಲಿ ಮುದ್ರಣವಾಗುವ ಕಾಗದದ ಚೀಟಿಗಳ ಎಣಿಕೆ. ಪ್ರತಿ ವಿಧಾನಸಭಾ ಭಾಗಕ್ಕೆ ಐದು ಮತಗಟ್ಟೆಯನ್ನು ಲಾಟರಿ ಎತ್ತಿ ಆರಿಸುತ್ತಾರೆ. ಬ್ಯಾಂಕಿನ ಕ್ಯಾಷಿಯರ್ ಗೂಡಿನಂಥ ಜಾಗದಲ್ಲಿ ಆ ಸಣ್ಣ ಚೀಟಿಗಳನ್ನು ಅಭ್ಯರ್ಥಿಗೊಂದು ಖಾನೆಯಂತೆ ವಿಂಗಡಿಸಿ, ಇಪ್ಪತ್ತೈದರ ಕಂತೆ ಕಟ್ಟಿ ಎಣಿಸುತ್ತಾರೆ. ಆ ಹೊತ್ತಿಗೆ ಹೊರಗೆ ಪಟಾಕಿ ಶುರುವಾಗಿತ್ತು. ನಮ್ಮ ಪಕ್ಷದಿಂದ ಒಳಗೆ ಉಳಿದಿದ್ದವರು ನಾನು ಮತ್ತು ಒಬ್ಬ ನಿವೃತ್ತ ಮೇಷ್ಟರು. ಐದಕ್ಕೆ ಐದೂ ತಾಳೆಯಾಯಿತು. ಅಧಿಕಾರಿ ಸಹಿ ಹಾಕಿ ಎಂದಾಗ ಕೈ ಏಳಲಿಲ್ಲ, ಸುಳ್ಳು ಹೇಳುವುದಿಲ್ಲ. ಮೇಷ್ಟರು, "ಹಾಕಪ್ಪ, ನಾವು ನೋಡಿದ್ದೇವಲ್ಲ" ಎಂದರು. ಹಾಕಿದೆ. ಆ ಮೇಲೆ ಇಬ್ಬರೂ ಹಿಂದಿನ ಗೇಟಿನಿಂದ ಹೊರಟೆವು. ಮುಂದಿನ ಗೇಟಿನಲ್ಲಿ ಡೊಳ್ಳು ಇತ್ತು.

ಸಂಶಯ ಪಿಶಾಚಿ, ದಾವಣಗೆರೆ

ನಿಮ್ಮ ಐದು ಮತಗಟ್ಟೆ ತಾಳೆಯಾಯಿತು, ಸರಿ. ಉಳಿದವು? ಎಲ್ಲ ಚೀಟಿಯನ್ನೂ ಎಣಿಸಿದರೆ ಯಾರ ಗಂಟು ಹೋಗುತ್ತದೆ?

ಹದಿನಾಲ್ಕನೇ ಮೇಜು, ಹಾಸನ

ಎಲ್ಲವನ್ನೂ ಎಣಿಸಿ ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಬದಲಿಗೆ ಎರಡನೇ, ಮೂರನೇ ಸ್ಥಾನ ಬಂದವರು ಏಳು ದಿನದೊಳಗೆ ಹಣ ಕಟ್ಟಿ ಶೇಕಡಾ 5ರಷ್ಟು ಯಂತ್ರಗಳನ್ನು ಪರಿಶೀಲಿಸುವಂತೆ ಕೇಳಬಹುದು ಎಂದಿತು. ಎಣಿಸಿದರೆ ನನ್ನ ಗಂಟೇನೂ ಹೋಗುವುದಿಲ್ಲ, ನಾನೂ ಅದನ್ನೇ ಬಯಸುತ್ತೇನೆ. ನಾನು ಕೇಳುವುದು ಇಷ್ಟೇ: ಎಲ್ಲವನ್ನೂ ಎಣಿಸಿದರೆ ನೋಡಲು ಯಾರು ಕೂರುತ್ತಾರೆ? ಎಂಟನೇ ಸುತ್ತಿಗೇ ಎದ್ದುಹೋದವರೇ?

ಸಂಶಯ ಪಿಶಾಚಿ, ದಾವಣಗೆರೆ

ಮುಂದಿನ ಸಲ ನನ್ನನ್ನು ಕರೆಯಿರಿ. ಕೂರುತ್ತೇನೆ. ನಂಬುತ್ತೇನೆ ಎಂದು ಹೇಳುತ್ತಿಲ್ಲ, ಕೂರುತ್ತೇನೆ ಎಂದೆ.

ಚಕ್ರದಡಿ ಸಿಕ್ಕವ, ಶಿರಸಿ

ನಿಮ್ಮದೆಲ್ಲ ಏನು ಸೋಲು. ನಮ್ಮದು ಜನತಾ ಪರಿವಾರ. ನಾವು ಸೋಲುವುದರಲ್ಲಿ ಪದವಿ ಪಡೆದವರು. ಆದರೆ ಒಂದು ಸೋಲಿನ ಬಗ್ಗೆ ಇವತ್ತಿಗೂ ಎದೆ ಉಬ್ಬಿಸಿ ಮಾತನಾಡುತ್ತೇನೆ. 1984ರ ಡಿಸೆಂಬರ್. ಇಂದಿರಾ ಹತ್ಯೆಯ ನಂತರದ ಚುನಾವಣೆ. ವಾಜಪೇಯಿ ಗ್ವಾಲಿಯರ್‌ನಲ್ಲಿ ಸೋತರು, ಚಂದ್ರಶೇಖರ್ ಬಲಿಯಾದಲ್ಲಿ ಸೋತರು, ಬಿಜೆಪಿಗೆ ದೇಶದಲ್ಲೆಲ್ಲ ಎರಡೇ ಸ್ಥಾನ. ಕರ್ನಾಟಕದಲ್ಲಿ ನಮ್ಮ ಸರ್ಕಾರವೇ ಇದ್ದರೂ 28ರಲ್ಲಿ ನಮಗೆ ನಾಲ್ಕು. ನಾನು ಆಗ ಕಾಲೇಜು ಹುಡುಗ. ಸಿಟ್ಟಿನಲ್ಲಿ ಗೋಡೆಗೆ ಅಂಟಿಸಿದ್ದ ಪಕ್ಷದ ಭಿತ್ತಿಪತ್ರವನ್ನೆಲ್ಲ ಹರಿದು ಬಚ್ಚಲ ಒಲೆಗೆ ಹಾಕಿದೆ.

ಆಗಿನ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಏನು ಮಾಡಿದರು? ಲೋಕಸಭೆಗೂ ರಾಜ್ಯ ಸರ್ಕಾರಕ್ಕೂ ಕಾನೂನಿನ ಪ್ರಕಾರ ಸಂಬಂಧವಿಲ್ಲ. ಕುರ್ಚಿ ಬಿಡಿ ಎಂದು ಕಾಯ್ದೆ ಹೇಳಿರಲಿಲ್ಲ. ಜನರ ವಿಶ್ವಾಸ ನನ್ನ ಮೇಲಿಲ್ಲ ಎಂದು ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. ನಾವು ಹುಡುಗರು ಇವರಿಗೆ ಹುಚ್ಚು ಎಂದೆವು. 1985ರ ಮಾರ್ಚ್‌ನಲ್ಲಿ 224ರಲ್ಲಿ 139! ಅದೇ ಮತದಾರ, ಮೂರು ತಿಂಗಳೂ ಪೂರ್ತಿ ಆಗಿರಲಿಲ್ಲ. ಅದರಲ್ಲಿ ಲೆಕ್ಕಾಚಾರ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ, ಹೆಗಡೆಯವರ ನಗೆಯ ಹಿಂದೆ ಯಾವಾಗಲೂ ಒಂದು ಲೆಕ್ಕ ಇರುತ್ತಿತ್ತು. ಇರಲಿ ಬಿಡಿ. ಭಿತ್ತಿಪತ್ರ ಸುಟ್ಟುಕೊಂಡವನು ನಾನು, ಮತ್ತೆ ಪಕ್ಷದ ಕಚೇರಿಗೆ ಹೋಗಿ ಹೊಸದು ಕೇಳಬೇಕಾಯಿತು.

ಥೇಮ್ಸ್ ದಂಡೆಯವ, ಲಂಡನ್

ಇಲ್ಲಿಯದೂ ಒಂದು. ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನೆಲೆಸಿರುವ ನಮ್ಮಂಥವರಿಗೆ ಕಾಮನ್‌ವೆಲ್ತ್ ಪ್ರಜೆಗಳೆಂದು ಸಂಸತ್ ಚುನಾವಣೆಯಲ್ಲಿ ಮತವಿದೆ. 2024ರ ಜುಲೈ 4ರಂದು ನಾನು ಹಾಕಿದ ಕನ್ಸರ್ವೇಟಿವ್ ಪಕ್ಷ ನೆಲಕಚ್ಚಿತು. ಹಿಂದಿನ ಸಲ 365 ಇದ್ದದ್ದು 121ಕ್ಕೆ ಇಳಿಯಿತು.

ಇಲ್ಲಿಯ ಪದ್ಧತಿ ನನಗೆ ಇಂದಿಗೂ ಅಚ್ಚರಿ. ರಾತ್ರಿಯಿಡೀ ಎಣಿಸಿ, ಫಲಿತಾಂಶ ಓದುವಾಗ ಗೆದ್ದವರು, ಸೋತವರು ಎಲ್ಲರೂ ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲಬೇಕು. ಪ್ರಧಾನಿ ಸುನಕ್ ತಮ್ಮ ಕ್ಷೇತ್ರದಲ್ಲಿ ಗೆದ್ದರು. ಆದರೆ ದೇಶದಲ್ಲಿ ಸೋತದ್ದನ್ನು ಒಪ್ಪಿಕೊಂಡು ಮಾತನಾಡಿದ್ದು ತಲೆಗೆ ಕಸದ ತೊಟ್ಟಿಯಂಥದ್ದು ಹೊತ್ತಿದ್ದ ಕೌಂಟ್ ಬಿನ್‌ಫೇಸ್ ಎಂಬ ಹಾಸ್ಯದ ಅಭ್ಯರ್ಥಿ ಇದ್ದ ವೇದಿಕೆಯಿಂದಲೇ. ಲಿಜ್ ಟ್ರಸ್ ಎಂಬ ಮಾಜಿ ಪ್ರಧಾನಿ 630 ಮತಗಳಿಂದ ಸೋತರು. ಅವರು ಎಣಿಕೆ ಕೇಂದ್ರಕ್ಕೆ ತಡವಾಗಿ ಬಂದರು, ಜನ ನಿಧಾನವಾಗಿ ಚಪ್ಪಾಳೆ ತಟ್ಟಿ ಅಣಕಿಸಿದರು, ಭಾಷಣ ಮಾಡದೆ ಹೊರಟರು.

ಮರುದಿನ ಸುನಕ್ ಡೌನಿಂಗ್ ಸ್ಟ್ರೀಟಿನಲ್ಲಿ ದೇಶದ ಕ್ಷಮೆ ಕೇಳಿದರು. ಹಿಂದೆ ಕೊಡೆ ಹಿಡಿದು ನಿಂತಿದ್ದರು ಅಕ್ಷತಾ, ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಹಳೇ ಮತದಾರರೇ, ನಿಮ್ಮೂರು. ನಮ್ಮ ಕನ್ನಡಿಗರ ಗುಂಪಿನಲ್ಲಿ ಆ ದಿನ ಸೋಲಿನ ಬಗ್ಗೆ ಬಂದದ್ದು ನಾಲ್ಕು ಸಂದೇಶ. ಅವರ ಪಟ್ಟೆಪಟ್ಟೆಯ ಉಡುಪಿನ ಬಗ್ಗೆ ಬಂದದ್ದನ್ನು ಎಣಿಸಲು ಹದಿನಾಲ್ಕು ಮೇಜು ಬೇಕಿತ್ತು. ನಾನು ಏನು ಮಾಡಿದೆ? ಕಚೇರಿಗೆ ಹೋದೆ. ಅಲ್ಲಿ ಯಾರೂ ಚುನಾವಣೆಯ ಮಾತೇ ಎತ್ತಲಿಲ್ಲ. ನಮ್ಮಲ್ಲಾಗಿದ್ದರೆ ಗೇಟಿನ ಕಾವಲುಗಾರನೇ ಮೊದಲು ಛೇಡಿಸುತ್ತಿದ್ದ. ಛೇಡಿಸುವವರಿಲ್ಲದ ಸೋಲು ಬಹಳ ಚಳಿ.

ಬಂಡೂರು ಟಗರು, ಮಳವಳ್ಳಿ

ಎಲ್ಲರೂ ಅಳುತ್ತಿದ್ದೀರಿ, ನಾನೊಂದು ಸಂತೋಷದ ಸೋಲು ಹೇಳುತ್ತೇನೆ. 2024ರಲ್ಲಿ ನಮ್ಮ ಎದುರು ಮನೆಯ ಗೌಡರು ಈ ಸಲ ಬಿಜೆಪಿಯ ಮೈತ್ರಿಕೂಟ ಎನ್‌ಡಿಎ 400 ದಾಟುತ್ತದೆ ಎಂದು ಟಗರು ಪಣಕ್ಕಿಟ್ಟರು. ದಾಟುವುದಿಲ್ಲ ಎಂದು ನಾನು ಹದಿನೈದು ಸಾವಿರ. ಪಣ ಕಟ್ಟುವುದು ಕಾನೂನಿಗೆ ವಿರುದ್ಧ, ಗೊತ್ತು. ಅದಕ್ಕೇ ಊರಿನ ಹೆಸರು ಬರೆದಿಲ್ಲ.

ಜೂನ್ 4ರ ಸಂಜೆ ಎನ್‌ಡಿಎ 293, ಬಿಜೆಪಿ ಒಂದೇ 240. ಕಾಂಗ್ರೆಸ್ 99. ಸರ್ಕಾರ ಅವರದೇ. ನಾನು ಸೋತವನು, ಅದರಲ್ಲಿ ಸಂಶಯವಿಲ್ಲ. ಆದರೆ ಲಾಡು ಹಂಚುತ್ತಿದ್ದವರು ನಾವು! ಗೆದ್ದ ಗೌಡರು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದರು. ನಾನು ಹೋಗಿ, "ಗೌಡರೇ, ಅಭಿನಂದನೆ. ಟಗರು ಎಲ್ಲಿ?" ಎಂದೆ. "ಪ್ರಮಾಣವಚನ ಆಗಲಿ, ಕೊಡುತ್ತೇನೆ" ಎಂದರು. ಜೂನ್ 9, ಭಾನುವಾರ ಪ್ರಮಾಣವಚನ ಆಯಿತು. ಟಗರು ಬಂತು. ಅದೂ ತಾನೇ ಸೋತಂತೆ ಕೊಸರಾಡುತ್ತಿತ್ತು. ಅದನ್ನು ಕೊಯ್ಯಲು ಮನಸ್ಸಾಗಲಿಲ್ಲ; ಗೌಡರ ಮೊಮ್ಮಗ ದಿನಾ ಬಂದು ಹುಲ್ಲು ಹಾಕುತ್ತಿದ್ದ. ಒಂದು ತಿಂಗಳು ಸಾಕಿ ವಾಪಸ್ ಕಟ್ಟಿ ಬಂದೆ. ಈಗ ಅದು ಮುಂದಿನ ಚುನಾವಣೆಗೆ ಇದೆ.

ಒಗ್ಗರಣೆ, ಶಿವಮೊಗ್ಗ

ಇಷ್ಟು ಜನ ಬರೆದಿರಿ. ಸೋತ ದಿನ ಅಡುಗೆ ಮಾಡಿದವರು ಯಾರು ಎಂದು ಒಬ್ಬರೂ ಬರೆಯಲಿಲ್ಲ.

2019ರ ಮೇ 23. ನಮ್ಮ ಮನೆಯಲ್ಲಿ ಮಾವನವರು, ಯಜಮಾನರು ಒಂದು ಪಕ್ಷ, ಮೈದುನ ಇನ್ನೊಂದು. ನನ್ನದು ಯಾವುದು ಎಂದು ಈ ಮನೆಗೆ ಬಂದಾಗಿನಿಂದ ಯಾರೂ ಕೇಳಿಲ್ಲ. ಮತ ಹಾಕಲು ಕರೆದುಕೊಂಡು ಹೋಗುತ್ತಾರೆ, ಬೆರಳಿನ ಶಾಯಿಯ ಫೋಟೋ ತೆಗೆಯುತ್ತಾರೆ, ಮುಗಿಯಿತು. ಅಂದು ಮಧ್ಯಾಹ್ನ 300 ದಾಟಿತು ಎಂದು ಮಾವ ಕೂಗಿದರು. ಮೈದುನ ಮಹಡಿ ಹತ್ತಿ ಬಾಗಿಲು ಹಾಕಿಕೊಂಡ. "ಶಾವಿಗೆ ಪಾಯಸ ಮಾಡಮ್ಮ" ಎಂದರು ಮಾವ. ನಾನು ಹಾಕಿದ ಪಕ್ಷ ಸೋತಿತ್ತು. ಗೋಡಂಬಿ ಹುರಿದೆ, ದ್ರಾಕ್ಷಿ ತುಪ್ಪದಲ್ಲಿ ಉಬ್ಬುವವರೆಗೆ ನೋಡುತ್ತ ನಿಂತೆ, ಹಾಲಿಗೆ ಶಾವಿಗೆ ಹಾಕಿದೆ. ಟಿವಿಯಲ್ಲಿ ಯಾರೋ ಜನರ ತೀರ್ಪು, ಜನರ ತೀರ್ಪು ಎಂದು ಹೇಳುತ್ತಲೇ ಇದ್ದರು. ಆ ಜನರಲ್ಲಿ ಸೌಟು ಹಿಡಿದವಳೂ ಒಬ್ಬಳು ಎಂದು ಅನ್ನಿಸಿದ್ದು ಅಂದೇ.

ಊಟಕ್ಕೆ ಕುಳಿತಾಗ ಮಾವ, "ಸಿಹಿ ಕಡಿಮೆಯಾಯಿತಲ್ಲ" ಎಂದರು. ಅಳತೆ ತಪ್ಪಿತು ಎಂದೆ. ರಾತ್ರಿ ಹತ್ತಕ್ಕೆ ಮೈದುನ ಹಸಿವು ತಡೆಯಲಾರದೆ ಕೆಳಗೆ ಬಂದ. ಉಳಿದ ಪಾಯಸ ಬಡಿಸಿದೆ. ಎರಡು ಚಮಚ ತಿಂದು ನನ್ನ ಮುಖವನ್ನೇ ನೋಡಿದ. "ಅತ್ತಿಗೆ, ನೀವೂನಾ?" ಎಂದ. ಸುಮ್ಮನೆ ತಿನ್ನು ಎಂದೆ.

ಷೇರು ಕಳೆದುಕೊಂಡವ, ಬೆಂಗಳೂರು

ಅಕ್ಕ, ಹಾಗಾದರೆ 2024ರಲ್ಲಿ ಏನು ಮಾಡಿದಿರಿ?

ಒಗ್ಗರಣೆ, ಶಿವಮೊಗ್ಗ

ಆ ದಿನ ಮಾವನವರಿಗೆ ಗೆದ್ದೆವೋ ಸೋತೆವೋ ತಿಳಿಯಲಿಲ್ಲ, ಮೈದುನನಿಗೂ ತಿಳಿಯಲಿಲ್ಲ. ಇಬ್ಬರೂ ಟಿವಿ ಮುಂದೆ ಸಂಖ್ಯೆ ಕೂಡಿಸುತ್ತ ಕುಳಿತಿದ್ದರು. ಸಿಹಿ ಮಾಡು ಎಂದು ಯಾರೂ ಹೇಳಲಿಲ್ಲ. ಚಿತ್ರಾನ್ನ ಮಾಡಿದೆ. ಮತ್ತೆ ಯಾವ ಪಕ್ಷ ಎಂದು ಕೇಳಬೇಡಿ, ಮತದಾನ ಗುಪ್ತ.

ತೋಟದ ಮಗಳು, ಚಿಕ್ಕಮಗಳೂರು

ಅಕ್ಕ, ನಿಮ್ಮದನ್ನು ಓದಿ ಈಗಷ್ಟೇ ಅಜ್ಜಿಗೆ ಫೋನ್ ಮಾಡಿ ಕೇಳಿದೆ, "1977ರಲ್ಲಿ ನೀವು ಯಾರಿಗೆ ಹಾಕಿದ್ದಿರಿ?" ಎಂದು. ಅಜ್ಜಿಗೆ ತೊಂಬತ್ತು ಹತ್ತಿರ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಿಮ್ಮಜ್ಜ ಪಕ್ಕದಲ್ಲಿ ಇಲ್ಲವಲ್ಲ?" ಎಂದರು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಉತ್ತರ ಮಾತ್ರ ಕೊಡಲಿಲ್ಲ.

ಬಂಡೂರು ಟಗರು, ಮಳವಳ್ಳಿ

ಹಳೇ ಮತದಾರರೇ, ಎಲ್ಲ ಸರಿ, ಆ ಒಂದು ಕಿಲೋ ಪೇಡಾ ಏನಾಯಿತು? ಎರಡು ದಿನದಿಂದ ಅದಕ್ಕಾಗಿಯೇ ಈ ಪುಟ ತೆರೆದು ನೋಡುತ್ತಿದ್ದೇನೆ.

ಹಳೇ ಮತದಾರ, ಹುಬ್ಬಳ್ಳಿ

ಬೀರುವಿನ ಮೇಲೆ ಇತ್ತು. ಸೋನಿಯಾ ಪ್ರಧಾನಿಯಾಗುತ್ತಾರೆ ಎಂದು ಗಲಾಟೆ ನಡೆದಷ್ಟು ದಿನವೂ ಇತ್ತು, ಅವರು ಒಲ್ಲೆ ಎಂದ ದಿನವೂ ಇತ್ತು. ಮೇ 22ರ ಸಂಜೆ ಮನಮೋಹನ್ ಸಿಂಗ್ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಅಪ್ಪ ಸುಮ್ಮನೆ ನೋಡಿದರು. ಸಭಾಂಗಣದಲ್ಲಿ ವಾಜಪೇಯಿಯವರು ಕಾಣುತ್ತಾರೆಯೇ ಎಂದು ಕನ್ನಡಕ ಒರೆಸಿಕೊಂಡು ಹುಡುಕುತ್ತಿದ್ದರು. ಮುಗಿದ ಮೇಲೆ ಕುರ್ಚಿ ಹತ್ತಿ ಡಬ್ಬಿ ಇಳಿಸಿದರು. ಮೇಲಿನ ಸಕ್ಕರೆ ಬೆವೆತು ಕಾಗದಕ್ಕೆ ಅಂಟಿಕೊಂಡಿತ್ತು. ಒಂದನ್ನು ಮೂಸಿ ನೋಡಿ, ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ನಮ್ಮ ಕಡೆ ನೂಕಿದರು. ಅಮ್ಮ "ಈಗ ಯಾವ ಖುಷಿಗೆ?" ಎಂದು ಕೇಳಿದರು.

"ಕೆಟ್ಟುಹೋಗುತ್ತದಲ್ಲ" ಎಂದರು ಅಪ್ಪ.